ಕಾರಿನ ಬಣ್ಣಕ್ಕೆ ಪಾಲಿಶರ್ ಆರಿಸಿಕೊಂಡ ಬಗೆ

ಪುಣೆಯ ವಾಕಡ್‌ನಲ್ಲಿ ನಾವಿರುವ ಸೊಸೈಟಿಗೆ ವರ್ಷದ ಅರ್ಧ ಭಾಗ ಟ್ಯಾಂಕರ್ ನೀರೇ ಗತಿ. ಆ ಗಡಸು ನೀರು ಕಾರಿನ ಮೇಲೆ ಒಣಗಿದ ಕಡೆಯಲ್ಲೆಲ್ಲ ಸುಣ್ಣದ ಉಂಗುರ ಉಳಿಯುತ್ತದೆ. ಬೆಳಗಿನ ಆರು ಗಂಟೆಗೆ ಕಾರು ಒರೆಸಲು ಬರುವ ಹುಡುಗ ಒಂದೇ ಬಕೆಟ್ ಮತ್ತು ಒಂದೇ ಬಟ್ಟೆಯಲ್ಲಿ ಇಪ್ಪತ್ತೈದು ಕಾರುಗಳನ್ನು ಮುಗಿಸಬೇಕಾಗುತ್ತದೆ. ಸುತ್ತಲಿನ ಕಟ್ಟಡ ಕಾಮಗಾರಿಯ ಧೂಳು ಆ ಬಟ್ಟೆಯೊಳಗೆ ಕೂತು, ಬಟ್ಟೆಯೇ ಪಾಲಿಶ್ ಪೇಪರ್ ಆಗಿಬಿಡುತ್ತದೆ. ನಮ್ಮದು ಕಡುನೀಲಿ ಬಣ್ಣದ, ಹತ್ತು ವರ್ಷ ಹಳೆಯ ಹ್ಯಾಚ್‌ಬ್ಯಾಕ್. ರಾತ್ರಿ ಬಾನೆಟ್ ಮೇಲೆ ಟಾರ್ಚ್ ಹಿಡಿದರೆ ಬೆಳಕಿನ ಸುತ್ತ ಜೇಡರ ಬಲೆ ಹಾಸಿದಂತೆ ಗೆರೆಗಳು ಕಾಣುತ್ತಿದ್ದವು. ಈ ಗೆರೆಗಳು ನಿಜಕ್ಕೂ ವೃತ್ತಾಕಾರದಲ್ಲಿಲ್ಲ. ಎಲ್ಲ ದಿಕ್ಕಿಗೂ ಬಿದ್ದಿರುವ ಸಣ್ಣ ಗೀರುಗಳಲ್ಲಿ ಬೆಳಕಿಗೆ ಅಡ್ಡವಾಗಿರುವವು ಮಾತ್ರ ಹೊಳೆಯುವುದರಿಂದ ದೀಪದ ಸುತ್ತ ಬಳೆ ಕಟ್ಟಿದಂತೆ ತೋರುತ್ತದೆ.

ಈ ಗೆರೆಗಳನ್ನು ಉಜ್ಜಿ ತೆಗೆಯುವ ಪಾಲಿಶರ್ ಯಂತ್ರದ ವಿಚಾರಕ್ಕೆ ಬರುವ ಮೊದಲು ಬಣ್ಣದ ದಪ್ಪ ತಿಳಿಯಬೇಕಿತ್ತು. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಅದರಲ್ಲಿ ನಾವು ಉಜ್ಜಬಹುದಾದ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಮಾತ್ರ, ಅಂದರೆ ತಲೆಗೂದಲಿಗಿಂತ ತೆಳು. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ಅಂಶವೂ ಅದರಲ್ಲೇ ಇರುವುದರಿಂದ ಅದನ್ನು ಬೇಕಾಬಿಟ್ಟಿ ತೆಗೆಯುವಂತಿಲ್ಲ. ಎರವಲು ತಂದ ಪೇಂಟ್ ಗೇಜ್ ಹಿಡಿದು ಪ್ರತಿ ಭಾಗದಲ್ಲೂ ಐದೈದು ಕಡೆ ಅಳೆದು ವಹಿಯಲ್ಲಿ ಬರೆದುಕೊಂಡೆ. ಬಾನೆಟ್‌ನ ಸರಾಸರಿ 117, ರೂಫ್ 121, ಎಡಗಡೆಯ ಬಾಗಿಲುಗಳು 110ರ ಆಸುಪಾಸು ಬಂದವು. ಬಲಗಡೆಯ ಹಿಂದಿನ ಬಾಗಿಲು ಮಾತ್ರ 240 ತೋರಿಸಿತು. ಕಾರನ್ನು ನಾವು ಎರಡನೆಯ ಕೈಯಿಂದ ಕೊಂಡದ್ದು. ಆ ಬಾಗಿಲಿಗೆ ಒಮ್ಮೆ ಮರುಬಣ್ಣ ಆಗಿದೆ ಎಂಬುದು ಅಂದೇ ಗೊತ್ತಾಯಿತು. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಈ ಗೇಜ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮೊದಲು ಕೈಗೆ ಸಿಕ್ಕಿದ್ದು ರೋಟರಿ ಯಂತ್ರ. ಭೋಸರಿಯಲ್ಲಿ ಗೋಕಾಕದ ಕಡೆಯ ಒಬ್ಬರು ಡೆಂಟಿಂಗ್-ಪೇಂಟಿಂಗ್ ಗ್ಯಾರೇಜ್ ನಡೆಸುತ್ತಾರೆ. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದು. ಮೂವತ್ತು ವರ್ಷದಿಂದ ಬಣ್ಣದ ಕೆಲಸದಲ್ಲಿರುವ ಕಾಕಾ ತಮ್ಮ 180 ಮಿಲಿಮೀಟರ್ ಬಫಿಂಗ್ ಮಷೀನನ್ನು ಎರಡು ದಿನದ ಮಟ್ಟಿಗೆ ಕೊಟ್ಟರು, ಜೊತೆಗೆ ಅರ್ಧ ಗಂಟೆ ಪಾಠವನ್ನೂ ಮಾಡಿದರು. “ತಮ್ಮಾ, ಮಷೀನ ಒತ್ತಬ್ಯಾಡ, ಅದರ ಭಾರನ ಸಾಕು. ಅಂಚು ಬಂದಲ್ಲಿ ಪ್ಯಾಡು ಒಳಗಿಂದ ಹೊರಗ ಓಡಬೇಕು, ಹೊರಗಿಂದ ಒಳಗ ತಂದಿ ಅಂದ್ರ ಬಣ್ಣ ಹೋತು” ಎಂದರು. ಆಮೇಲೆ ಉಜ್ಜಿದ ಜಾಗಕ್ಕೆ ಮುಂಗೈಯ ಹಿಂಭಾಗ ಇಟ್ಟು ತೋರಿಸಿದರು. ಮೂರು ಎಣಿಸುವವರೆಗೆ ಕೈ ಇಡಲಾಗದಿದ್ದರೆ ಅಲ್ಲಿಂದ ಎದ್ದುಬಿಡಬೇಕು ಎಂಬುದು ಅವರ ಲೆಕ್ಕ.

ರೋಟರಿಯ ಗುಣವನ್ನು ಅಂಕಿಯಲ್ಲಿ ನೋಡಿದರೆ ಕಾಕಾನ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಪ್ಯಾಡು ಒಂದೇ ಅಚ್ಚಿನ ಮೇಲೆ ಒಂದೇ ದಿಕ್ಕಿಗೆ ತಿರುಗುತ್ತದೆ. 180 ಮಿ.ಮೀ. ಪ್ಯಾಡು ನಿಮಿಷಕ್ಕೆ 1,500 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ, ನಡುಭಾಗ ಮಾತ್ರ ನಿಂತಲ್ಲೇ ಇರುತ್ತದೆ. ಆ ವೇಗವೆಲ್ಲ ಒಂದೇ ದಿಕ್ಕಿನಲ್ಲಿ ಬಿದ್ದು, ಒಂದೇ ಕಡೆ ಬಿಸಿಯಾಗಿ ಸೇರುತ್ತದೆ. ಬಲ್ಲವರ ಕೈಯಲ್ಲಿ ಇಷ್ಟು ಬೇಗ ಗೀರು ತೆಗೆಯುವ ಇನ್ನೊಂದು ಯಂತ್ರವಿಲ್ಲ. ಮರುಬಣ್ಣದ ಮೇಲೆ ಪಾಲಿಶ್ ಪೇಪರ್ ಹಾಕಿದ ಗುರುತನ್ನು ಅಳಿಸಲು ಗ್ಯಾರೇಜ್‌ಗಳಲ್ಲಿ ಇಂದಿಗೂ ಅದೇ ಇರುವುದಕ್ಕೆ ಕಾರಣ ಇದು.

ಶನಿವಾರ ಸಂಜೆ ಬಾನೆಟ್‌ನ ಎಡ ಅರ್ಧವನ್ನು ರೋಟರಿಯಲ್ಲಿ ಮುಗಿಸಿದೆ. ಪಾರ್ಕಿಂಗ್‌ನ ಟ್ಯೂಬ್‌ಲೈಟ್ ಕೆಳಗೆ ಅದು ಕನ್ನಡಿಯಂತೆ ಕಂಡಿತು, ಮನೆಯವರನ್ನೆಲ್ಲ ಕರೆದು ತೋರಿಸಿದೆ. ಭಾನುವಾರ ಹತ್ತು ಗಂಟೆಗೆ ಕಾರನ್ನು ಬಿಸಿಲಿಗೆ ತಂದಾಗ ಅದೇ ಅರ್ಧದಲ್ಲಿ ಎಣ್ಣೆ ಸವರಿದಂತಹ ಬಿಲ್ಲಿನಾಕಾರದ ನೆರಳುಗಳು ತೇಲುತ್ತಿದ್ದವು. ನಾನು ಒಂದು ಹೆಜ್ಜೆ ಸರಿದರೆ ಅವೂ ಸರಿಯುತ್ತಿದ್ದವು. ಡಿಟೇಲಿಂಗ್, ಅಂದರೆ ಕಾರನ್ನು ಸೂಕ್ಷ್ಮವಾಗಿ ಸ್ವಚ್ಛಗೊಳಿಸಿ ಹೊಳಪು ಕೊಡುವ ಕೆಲಸ, ಮಾಡುವವರು ಹೋಲೋಗ್ರಾಮ್ ಎನ್ನುವುದು ಇದನ್ನೇ. ಉಜ್ಜಲು ಹಚ್ಚುವ ಕಂಪೌಂಡ್ ಪೇಸ್ಟಿನಲ್ಲಿರುವ ಎಣ್ಣೆ ಗೀರಿನೊಳಗೆ ತುಂಬಿಕೊಂಡು ಒಂದು ರಾತ್ರಿ ಎಲ್ಲವನ್ನೂ ಮುಚ್ಚಿಟ್ಟಿತ್ತು. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ ಮೇಲಂತೂ ಎಲ್ಲವೂ ಬಯಲಾಯಿತು. ಅಂದಿನಿಂದ ಒರೆಸದೆ ಯಾವ ಭಾಗವನ್ನೂ ಮುಗಿಯಿತು ಎಂದು ನಾನು ಬರೆದುಕೊಂಡಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಸೊಸೈಟಿಯಲ್ಲೇ ಒಬ್ಬರು ಮನೆಯಲ್ಲಿದ್ದ ನಾಲ್ಕಂಗುಲದ ಆ್ಯಂಗಲ್ ಗ್ರೈಂಡರಿಗೆ ಸ್ಪಂಜಿನ ಪ್ಯಾಡು ಹಾಕಿಕೊಂಡರೆ ಆಗುವುದಿಲ್ಲವೇ ಎಂದು ಕೇಳಿದರು. ಆ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಅಂಚಿನ ವೇಗ ಸೆಕೆಂಡಿಗೆ 57 ಮೀಟರ್ ದಾಟುತ್ತದೆ. ಬಣ್ಣ ಸುಡುವುದು ಒಂದು ಕಡೆಗಿರಲಿ, ಪ್ಯಾಡು ಹರಿದು ಮುಖಕ್ಕೆ ಬರುವ ಅಪಾಯವಿದೆ. ಡ್ರಿಲ್ ಮಷೀನಿಗೆ ಪ್ಯಾಡು ಸಿಕ್ಕಿಸುವುದೂ ಸರಿಯಲ್ಲ. ಡ್ರಿಲ್ಲಿನ ಬೇರಿಂಗ್ ನೇರ ಒತ್ತಡಕ್ಕೆ ಮಾಡಿದ್ದೇ ಹೊರತು ಅಡ್ಡ ಎಳೆತಕ್ಕಲ್ಲ.

ಎರಡನೆಯ ಯಂತ್ರ ಡ್ಯುಯಲ್ ಆ್ಯಕ್ಷನ್, ಅಂಗಡಿಯವರ ಬಾಯಲ್ಲಿ ಡಿಎ. ಇದರ ಅಚ್ಚು ನಡುವಿನಿಂದ ತುಸು ಸರಿದಿರುತ್ತದೆ. ಮೋಟಾರು ಆ ಸರಿದ ಅಚ್ಚನ್ನು ಸುತ್ತಿಸುತ್ತದೆ. ಪ್ಯಾಡು ಅಂಟಿಸುವ ಪ್ಲೇಟು ತನ್ನದೇ ಬೇರಿಂಗ್ ಮೇಲೆ ಸ್ವತಂತ್ರವಾಗಿ ತಿರುಗುತ್ತದೆ. ರಾಗಿಕಲ್ಲನ್ನು ಬೀಸುತ್ತಿರುವಾಗಲೇ ಕೆಳಗಿನ ಕಲ್ಲನ್ನೂ ಯಾರೋ ಅಲ್ಲಾಡಿಸುತ್ತಿದ್ದಂತೆ ಎರಡೂ ಚಲನೆ ಸೇರುವುದರಿಂದ ಯಾವ ಗೀರೂ ಒಂದೇ ದಿಕ್ಕಿಗೆ ಬೀಳುವುದಿಲ್ಲ, ಬಿಸಿಯೂ ಒಂದೆಡೆ ನಿಲ್ಲುವುದಿಲ್ಲ. ಆ ಸರಿದ ಅಚ್ಚು ಬರೆಯುವ ವೃತ್ತದ ವ್ಯಾಸವನ್ನು ಥ್ರೋ ಎನ್ನುತ್ತಾರೆ. ಯಂತ್ರ ಕೊಳ್ಳುವವರು ಪೆಟ್ಟಿಗೆಯ ಮೇಲೆ ಮೊದಲು ಹುಡುಕಬೇಕಾದ ಅಂಕಿ ಇದು, ವಾಟ್ ಅಲ್ಲ. 8 ಮಿ.ಮೀ. ಥ್ರೋ ಇರುವ ಯಂತ್ರ ಒಂದು ಸುತ್ತಿಗೆ 25 ಮಿ.ಮೀ. ದಾರಿ ಸವೆಸುತ್ತದೆ, 15 ಮಿ.ಮೀ. ಇದ್ದರೆ 47, 21 ಮಿ.ಮೀ. ಇದ್ದರೆ 66. ದಾರಿ ಉದ್ದವಾದಷ್ಟೂ ಕೆಲಸ ಬೇಗ ಆಗುತ್ತದೆ. ಇಟಲಿಯ ರೂಪೆಸ್ ಕಂಪನಿ ತನ್ನ ಬಿಗ್‌ಫುಟ್ ಯಂತ್ರಗಳಲ್ಲಿ 15 ಮತ್ತು 21ರ ಥ್ರೋ ತಂದು ಈ ಕಸುಬಿನ ರೂಢಿಯನ್ನೇ ಬದಲಿಸಿತು. ಇಂದು ನಮ್ಮ ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಯಂತ್ರಗಳೂ ಅವೇ ಎರಡು ಅಳತೆಗಳನ್ನು ಹಿಡಿದಿವೆ.

ಚಿಂಚವಾಡದಲ್ಲಿ ಡಿಟೇಲಿಂಗ್ ಮಾಡುವ ಗೆಳೆಯನೊಬ್ಬನಿಂದ 21 ಮಿ.ಮೀ. ಯಂತ್ರ ತಂದೆ. ಅದರ ಪ್ಲೇಟು 150 ಮಿ.ಮೀ. ರೂಫ್ ಮೇಲೆ ಅದು ಹೋದ ಬಗೆ ಕಣ್ಣಿಗೆ ಹಬ್ಬ. ರೋಟರಿ ಬಿಟ್ಟುಹೋದ ಹೋಲೋಗ್ರಾಮನ್ನು ಬಾನೆಟ್‌ನಿಂದ ನಾಲ್ಕೇ ಸುತ್ತಿನಲ್ಲಿ ಅಳಿಸಿತು. ಬಾಗಿಲಿಗೆ ಬಂದಾಗ ಕಥೆ ಬೇರೆಯಾಯಿತು. ಹ್ಯಾಚ್‌ಬ್ಯಾಕಿನ ಬಾಗಿಲಿನಲ್ಲಿ ಹಿಡಿಕೆಯ ಕೆಳಗೆ ಒಂದು ಮಡಿಕೆ, ಅದರ ಕೆಳಗೆ ಇನ್ನೊಂದು ಮಡಿಕೆ ಇರುತ್ತದೆ. ಎರಡರ ನಡುವಿನ ಸಪಾಟು ಜಾಗವನ್ನು ಟೇಪಿನಿಂದ ಅಳೆದಾಗ ನಮ್ಮ ಕಾರಿನಲ್ಲಿ 14 ಸೆಂಟಿಮೀಟರ್ ಬಂತು. ಪ್ಲೇಟು 15, ಅದರ ಮೇಲಿನ ಪ್ಯಾಡು ಇನ್ನೂ ಅಗಲ. ಪ್ಯಾಡಿನ ಒಂದು ಬದಿ ಮಡಿಕೆಯ ಮೇಲೆ ಹತ್ತಿ ಕೂತು, ತಿರುಗುವುದನ್ನು ನಿಲ್ಲಿಸಿ, ನಿಂತಲ್ಲೇ ಅದುರತೊಡಗಿತು. ಮಡಿಕೆಯ ನೆತ್ತಿಯಲ್ಲಿ ಬಣ್ಣ ಮೊದಲೇ ತೆಳು. ಅದುರುವ ಪ್ಯಾಡು ಅಲ್ಲೇ ಕೂತು ಉಜ್ಜುವುದು ಯಾರಿಗೂ ಬೇಡದ ವಿಷಯ.

ಅಂದು ಕೆಲಸ ನಿಲ್ಲಿಸಿ ಇಡೀ ಕಾರನ್ನು ಟೇಪಿನಿಂದ ಅಳೆದೆ. ಈ ಬರಹದಿಂದ ಯಾರಾದರೂ ಒಂದೇ ವಿಷಯ ತೆಗೆದುಕೊಳ್ಳುವುದಾದರೆ ಅದು ಈ ಅಳತೆಯಾಗಲಿ ಎಂಬುದು ನನ್ನ ಆಸೆ. ಬಾನೆಟ್ ಮತ್ತು ರೂಫ್ ಬಿಟ್ಟರೆ ನಮ್ಮ ಕಾರಿನಲ್ಲಿ 18 ಸೆಂಟಿಮೀಟರಿಗಿಂತ ಅಗಲವಾದ ಸಪಾಟು ಜಾಗ ಬಾಗಿಲಿನ ಮೇಲ್ಭಾಗದಲ್ಲಿ ಮಾತ್ರ ಇತ್ತು. ಡಿಕ್ಕಿಯ ಬಾಗಿಲು ನಂಬರ್ ಪ್ಲೇಟು, ಲೋಗೊ, ವೈಪರ್ ಎಂದು ತುಂಡುತುಂಡಾಗಿತ್ತು. ಮುಂದಿನ ಫೆಂಡರ್ ಪೂರ್ತಿ ಉಬ್ಬು. ದೊಡ್ಡ ಎಸ್‌ಯುವಿ ಇರುವವರಿಗೆ, ದಿನಕ್ಕೊಂದು ಕಾರು ಮುಗಿಸಬೇಕಾದವರಿಗೆ 21ರ ಯಂತ್ರವೇ ಸರಿ. ಒಂದು ಸಣ್ಣ ಕಾರನ್ನು ವರ್ಷಕ್ಕೊಮ್ಮೆ ನೋಡಿಕೊಳ್ಳುವವರಿಗೆ 125 ಮಿ.ಮೀ. ಪ್ಲೇಟು, 15 ಮಿ.ಮೀ. ಥ್ರೋ ಸಾಕು ಎಂದು ಅಂದು ವಹಿಯಲ್ಲಿ ಬರೆದು ಗೆರೆ ಎಳೆದೆ.

21ರ ಯಂತ್ರಕ್ಕೇ ಸಣ್ಣ ಪ್ಲೇಟು ಹಾಕಿದರೆ ಮುಗಿಯಿತಲ್ಲ ಎಂದು ನನಗೂ ಅನ್ನಿಸಿತ್ತು. ಗೆಳೆಯ ಬೇಡವೆಂದ. ಯಂತ್ರದೊಳಗೆ ಅಚ್ಚಿನ ಎದುರು ಬದಿಗೆ ಒಂದು ತೂಕ ಕೂರಿಸಿರುತ್ತಾರೆ. ಅದನ್ನು ನಿರ್ದಿಷ್ಟ ಪ್ಲೇಟು ಮತ್ತು ಪ್ಯಾಡಿನ ಭಾರಕ್ಕೆ ಸರಿದೂಗಿಸಿರುತ್ತಾರೆ. ಪ್ಲೇಟು ಬದಲಾದರೆ ಸಮತೋಲ ತಪ್ಪಿ ಅದುರುವಿಕೆ ಹೆಚ್ಚುತ್ತದೆ, ಕೈ ಜೋಮು ಹಿಡಿಯುತ್ತದೆ, ಬೇರಿಂಗ್ ಬೇಗ ಸಾಯುತ್ತದೆ.

ನಡುವೆ ಇನ್ನೆರಡು ಆಯ್ಕೆಗಳು ಬಂದು ಹೋದವು. ಅಮೆರಿಕದಿಂದ ಬರಲಿದ್ದ ಬಂಧುವೊಬ್ಬರು ಅಲ್ಲಿ ಮನೆಬಳಕೆಯವರಿಗೆ ಚಿರಪರಿಚಿತವಾದ ಪೋರ್ಟರ್-ಕೇಬಲ್ 7424ಎಕ್ಸ್‌ಪಿ ತರಲೇ ಎಂದು ಕೇಳಿದರು. ಅದು 120 ವೋಲ್ಟಿನದು. ನಮ್ಮ 230ಕ್ಕೆ ನೇರ ಹಾಕಿದರೆ ಸುಡುತ್ತದೆ, ಭಾರದ ಟ್ರಾನ್ಸ್‌ಫಾರ್ಮರ್ ಒಂದನ್ನು ಜೊತೆಗೆ ಹೊರಬೇಕಾಗುತ್ತದೆ. ಬೇಡವೆಂದೆ. ಇನ್ನೊಂದು, ಜರ್ಮನಿಯ ಫ್ಲೆಕ್ಸ್ ಕಂಪನಿಯ ಎಕ್ಸ್‌ಸಿ 3401. ಅದರಲ್ಲಿ 8 ಮಿ.ಮೀ. ಥ್ರೋ ಇದ್ದರೂ ಪ್ಲೇಟು ಗೇರಿನಿಂದ ತಿರುಗುವುದರಿಂದ ಎಷ್ಟೇ ಉಬ್ಬು ಬಂದರೂ ನಿಲ್ಲುವುದಿಲ್ಲ. ರೋಟರಿಯ ಹಟ, ಡಿಎ ಯಂತ್ರದ ಸೌಮ್ಯ ಎರಡೂ ಅದರಲ್ಲಿವೆ. ಬೆಲೆ ನನ್ನ ಕೈಗೆಟುಕುವಂತಿರಲಿಲ್ಲ.

ರವಿವಾರ ಪೇಟೆಯ ಬೋಹರಿ ಆಳಿಯಲ್ಲಿ ಉಪಕರಣಗಳ ಅಂಗಡಿಗಳು ಒತ್ತಾಗಿವೆ. ಮೊದಲ ಅಂಗಡಿಯವರು “ಸಾಹೇಬ್, ಹೇ ಘ್ಯಾ, ಬಾರಾಶೇ ವ್ಯಾಟ್ ಆಹೇ” (ಸಾಹೇಬರೇ, ಇದನ್ನು ತಗೊಳ್ಳಿ, ಸಾವಿರದ ಇನ್ನೂರು ವಾಟ್ ಇದೆ) ಎಂದು ರೋಟರಿಯನ್ನೇ ಮುಂದಿಟ್ಟರು. ಥ್ರೋ ಎಷ್ಟು ಎಂದು ಕೇಳಿದಾಗ ಎರಡನೆಯ ಅಂಗಡಿಯವರು ಮಾತ್ರ ಪೆಟ್ಟಿಗೆ ತೆರೆದು ಓದಿ ಹೇಳಿದರು, ಅವರಲ್ಲೇ ಕೊಂಡೆ. 15 ಮಿ.ಮೀ. ಥ್ರೋ, 125 ಮಿ.ಮೀ. ಪ್ಲೇಟು, 900 ವಾಟ್, ₹9,400. ಕೊಳ್ಳುವ ಮುನ್ನ ಅಂಗಡಿಯಲ್ಲೇ ಓಡಿಸಿ ನೋಡಿದೆ. ಗುಂಡಿ ಒತ್ತಿದಾಗ ಯಂತ್ರ ಜಿಗಿಯದೆ ಮೆಲ್ಲಗೆ ವೇಗ ಹಿಡಿಯುತ್ತದೆಯೇ, ಹಲಗೆಯ ಮೇಲೆ ಪ್ಯಾಡನ್ನು ಒತ್ತಿದಾಗ ಮೋಟಾರಿನ ದನಿ ಕುಗ್ಗದೆ ನಿಲ್ಲುತ್ತದೆಯೇ, ಕಾರ್ಬನ್ ಬ್ರಶ್ಶನ್ನು ಮೈ ಬಿಚ್ಚದೆ ಹೊರಗಿನಿಂದಲೇ ಬದಲಿಸಬಹುದೇ ಎಂದು ಪರೀಕ್ಷಿಸಿದೆ. ಪ್ಲೇಟಿನ ಬೋಲ್ಟು ಎಂ8 ಅಳತೆಯದು. ಬದಲಿ ಪ್ಲೇಟುಗಳು ಅದೇ ಅಂಗಡಿಯಲ್ಲಿ ಇದ್ದವು. ವೆಲ್ಕ್ರೋ ಬಿಸಿಗೆ ಕರಗಿ ಪ್ಲೇಟು ಹಾಳಾಗುವುದು ಸಾಮಾನ್ಯವಾದ್ದರಿಂದ ಬದಲಿ ಪ್ಲೇಟು ಸಿಗದ ಯಂತ್ರವನ್ನು, ಅದು ಎಷ್ಟೇ ಅಗ್ಗವಾಗಿರಲಿ, ತೆಗೆದುಕೊಳ್ಳಬಾರದು.

ಹೊಸ ಯಂತ್ರ ಮನೆಗೆ ಬಂದ ವಾರ ಗುರುವಾರ ರಜೆ ಹಾಕಿದ್ದೆ. ಪುಣೆಯಲ್ಲಿ ದುರಸ್ತಿಗಾಗಿ ಕರೆಂಟು ತೆಗೆಯುವ ದಿನವೂ ಗುರುವಾರವೇ ಎಂಬುದು ನೆನಪಿಗೆ ಬಂದದ್ದು ಪಾರ್ಕಿಂಗ್‌ಗೆ ಇಳಿದ ಮೇಲೆ. ಆ ದಿನವನ್ನು ತೊಳೆಯುವುದಕ್ಕೆ ಬಳಸಿದೆ: ಎರಡು ಬಕೆಟ್ ನೀರು, ಕಬ್ಬಿಣದ ಕಣ ಕರಗಿಸುವ ದ್ರಾವಣ, ಆಮೇಲೆ ಬಣ್ಣಕ್ಕೆ ಅಂಟಿದ ಕೊಳೆಯನ್ನು ಎತ್ತುವ ಜೇಡಿಯಂತಹ ಕ್ಲೇ ಬಾರ್. ಗಾಜಿನ ರಬ್ಬರು, ಪ್ಲಾಸ್ಟಿಕ್ ಪಟ್ಟಿ, ಎಲ್ಲ ಮಡಿಕೆಗಳ ನೆತ್ತಿಗೂ ಮಾಸ್ಕಿಂಗ್ ಟೇಪ್ ಹಚ್ಚಿದೆ. ಸುಣ್ಣದ ಉಂಗುರಗಳಲ್ಲಿ ಅರ್ಧದಷ್ಟು ನೀರು ಬೆರೆಸಿದ ವಿನೆಗರಿಗೆ ಹೋದವು; ಕ್ಲಿಯರ್ ಕೋಟನ್ನು ಕೊರೆದು ಕೂತವು ಉಳಿದವು.

ಶನಿವಾರ ಎಡಗಡೆಯ ಮುಂದಿನ ಬಾಗಿಲಿನಲ್ಲಿ ಎರಡಡಿ ಚೌಕ ಗುರುತಿಸಿ ಪರೀಕ್ಷೆ ಆರಂಭಿಸಿದೆ. ಪ್ಲೇಟಿನ ಬದಿಗೆ ಬಿಳಿ ಮಾರ್ಕರಿನಿಂದ ಒಂದು ದಪ್ಪ ಗೆರೆ ಹಾಕಿಕೊಂಡಿದ್ದೆ. ಈ ಗೆರೆ ಕಾಸಿನ ಖರ್ಚಿಲ್ಲದ ಮೀಟರು: ಪ್ಲೇಟು ತಿರುಗುತ್ತಿದ್ದರೆ ಗೆರೆ ಕಣ್ಣಿಗೆ ಮಸುಕಾಗಿ ಓಡುತ್ತದೆ, ನಿಂತರೆ ಒಂದೇ ಕಡೆ ನಡುಗುತ್ತದೆ. ನಾಲ್ಕನೆಯ ವೇಗದಲ್ಲಿ, ಯಂತ್ರದ ತೂಕದ ಮೇಲೆ ಕೈಯ ಸಣ್ಣ ಒತ್ತಡವಷ್ಟೇ ಇಟ್ಟರೂ ಗೆರೆ ನಡುಗಿ ನಿಂತಿತು.

ಕಾರಣ ಹುಡುಕಲು ಒಂದೂವರೆ ಗಂಟೆ ಹಿಡಿಯಿತು. ಒತ್ತಡ ಕಡಿಮೆ ಮಾಡಿದೆ, ಪ್ರಯೋಜನವಾಗಲಿಲ್ಲ. ಯಂತ್ರ ವಾಲಿದೆಯೇ ಎಂದು ಮಗಳನ್ನು ಬದಿಗೆ ನಿಲ್ಲಿಸಿ ನೋಡಲು ಹೇಳಿದೆ, ನೇರವಾಗಿಯೇ ಇತ್ತು. ದಪ್ಪ ಪ್ಯಾಡು ತೆಗೆದು ತೆಳುವಾದದ್ದನ್ನು ಹಾಕಿದಾಗ ತುಸು ಸುಧಾರಿಸಿತು, ಸಾಲಲಿಲ್ಲ. ಕೊನೆಗೆ ಬೋಲ್ಟು ಬಿಚ್ಚಿ ಪ್ಲೇಟನ್ನು ಕೈಗೆತ್ತಿಕೊಂಡೆ. ಅದರ ಬೆನ್ನಿನ ಮೇಲೆ ಅಚ್ಚುಕಟ್ಟಾದ ಒಂದು ಕಪ್ಪು ಬಳೆ ಮೂಡಿತ್ತು. ಬೆರಳಿನಿಂದ ಸವರಿದರೆ ಕಾಡಿಗೆಯಂತೆ ರಬ್ಬರಿನ ಪುಡಿ ಅಂಟಿತು. ಯಂತ್ರದ ಬಾಯಿಯ ಸುತ್ತ ಇರುವ ರಬ್ಬರ್ ಕವಚ ಪ್ಲೇಟಿಗೆ ಉಜ್ಜುತ್ತಿತ್ತು. ಪ್ಲೇಟು ಗಾಳಿಯಲ್ಲಿ ಹುಚ್ಚಾಪಟ್ಟೆ ತಿರುಗದಿರಲಿ ಎಂದು ಆ ಕವಚವನ್ನು ಬ್ರೇಕಿನಂತೆ ಇಟ್ಟಿರುತ್ತಾರೆ. ನನ್ನ ಯಂತ್ರದಲ್ಲಿ ಆ ಬ್ರೇಕು ಅಗತ್ಯಕ್ಕಿಂತ ಬಿಗಿಯಾಗಿತ್ತು.

ಅಚ್ಚು ಮತ್ತು ಪ್ಲೇಟಿನ ನಡುವೆ 1 ಮಿ.ಮೀ. ದಪ್ಪದ ಉಕ್ಕಿನ ವಾಷರ್ ಒಂದನ್ನು ಕೂರಿಸಿದೆ. ಅದರಿಂದ ಬೋಲ್ಟಿನ ಹಿಡಿತ ಕಡಿಮೆಯಾಗಿ ಕಳಚಿಬಿದ್ದರೆ ಅನಾಹುತವೇ ಆದ್ದರಿಂದ ಎಳೆಗಳನ್ನು ಎಣಿಸಿದೆ. ಏಳು ಸುತ್ತು ಪೂರ್ತಿ ಹಿಡಿದಿದ್ದವು. ಮತ್ತೆ ಬಾಗಿಲಿನ ಮೇಲಿಟ್ಟು ಗುಂಡಿ ಒತ್ತಿದಾಗ ಗೆರೆ ಮಸುಕಾಗಿ ಓಡಿತು, ಮಡಿಕೆಯ ಪಕ್ಕದಲ್ಲೂ ನಿಲ್ಲಲಿಲ್ಲ. ಬ್ರೇಕು ಸಡಿಲವಾಗಿರುವುದರಿಂದ ಯಂತ್ರವನ್ನು ಗಾಳಿಯಲ್ಲಿ ಚಾಲು ಮಾಡಬಾರದು. ಪ್ಯಾಡು ಬಣ್ಣದ ಮೇಲೆ ಕೂತ ನಂತರವೇ ಗುಂಡಿ ಒತ್ತಬೇಕು, ನಿಂತ ನಂತರವೇ ಎತ್ತಬೇಕು. ಇಲ್ಲದಿದ್ದರೆ ಪಾಲಿಶ್ ಪಕ್ಕದ ಕಾರಿನವರೆಗೂ ಸಿಡಿಯುತ್ತದೆ.

ಆಮೇಲಿನ ಕೆಲಸ ಸರಾಗ. ಮೆದು ಫೋಮ್ ಪ್ಯಾಡಿನ ಮೇಲೆ ಮೆಗ್ವಾಯರ್ಸ್ ಎಂ205 ಪಾಲಿಶಿನ ಬಟಾಣಿ ಗಾತ್ರದ ನಾಲ್ಕು ಹನಿ, ಎರಡಡಿ ಚೌಕ, ಅರ್ಧಕ್ಕರ್ಧ ಒಂದರ ಮೇಲೊಂದು ಬರುವಂತೆ ಅಡ್ಡ ಮತ್ತು ಉದ್ದ ಸೇರಿ ಐದು ಸುತ್ತು. ಕೈ ಸೆಕೆಂಡಿಗೆ ಒಂದಂಗುಲದಷ್ಟೇ ಸರಿಯಬೇಕು. ಅವಸರ ಮಾಡಿದರೆ ಹೊಳಪು ಬರುತ್ತದೆ, ಗೀರು ಹೋಗುವುದಿಲ್ಲ. ಪ್ರತಿ ಚೌಕದ ನಂತರ ಪ್ಯಾಡನ್ನು ಬ್ರಶ್ಶಿನಿಂದ ಸ್ವಚ್ಛ ಮಾಡದಿದ್ದರೆ ಪಾಲಿಶ್ ಮತ್ತು ಬಣ್ಣದ ಪುಡಿ ಸೇರಿ ಅಂಟಾಗಿ ಪ್ಯಾಡು ಭಾರವಾಗುತ್ತದೆ, ಮತ್ತೆ ಗೆರೆ ನಡುಗತೊಡಗುತ್ತದೆ. ಮೆದು ಪ್ಯಾಡಿಗೆ ಬಗ್ಗದ ಜಾಗಗಳಿಗೆ ಮಾತ್ರ ಗಟ್ಟಿ ಪ್ಯಾಡು ಹಾಕಿದೆ. ಮಡಚಿದ ಎಕ್ಸ್‌ಟೆನ್ಶನ್ ವೈರು ಬಿಸಿಯಾಗುವುದರಿಂದ 1.5 ಚದರ ಮಿ.ಮೀ. ವೈರನ್ನು ಪೂರ್ತಿ ಬಿಚ್ಚಿ ಹಾಸಿ, ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟುಕೊಂಡಿದ್ದೆ. ವೈರು ಬಾಗಿಲಿಗೆ ತಾಗಿದರೆ ಹೊಸ ಗೀರು ಖಚಿತ.

ಎರಡು ಶನಿವಾರ, ಒಂದು ಭಾನುವಾರ ಸೇರಿ ಹದಿನಾಲ್ಕು ಗಂಟೆ ಹಿಡಿಯಿತು. ಬಾನೆಟ್‌ನ ಸರಾಸರಿ 117ರಿಂದ 115ಕ್ಕೆ ಬಂದಿದೆ. ಗೇಜಿನದೇ ಎರಡು ಮೂರು ಮೈಕ್ರಾನ್ ವ್ಯತ್ಯಾಸ ಇರುವುದರಿಂದ ಈ ಎರಡು ಮೈಕ್ರಾನ್ ಇಳಿಕೆಯನ್ನು ನಾನು ಅಕ್ಷರಶಃ ನಂಬುವುದಿಲ್ಲ. ಹೆಚ್ಚು ಹೋಗಿಲ್ಲ ಎಂಬುದಕ್ಕಷ್ಟೇ ಸಾಕ್ಷಿ. ಬಿಸಿಲಿನಲ್ಲಿ ಜೇಡರ ಬಲೆ ಇಲ್ಲ. ಉಗುರಿಗೆ ತಾಗುವ ಆಳದ ಗೀರುಗಳು ಹನ್ನೊಂದು ಇವೆ, ಅವನ್ನು ಬೇಕೆಂದೇ ಬಿಟ್ಟಿದ್ದೇನೆ; ಅವುಗಳ ತಳ ಮುಟ್ಟುವಷ್ಟು ಕ್ಲಿಯರ್ ಕೋಟ್ ತೆಗೆಯುವುದು ಕಾರಿಗೆ ಮಾಡುವ ಅನ್ಯಾಯ. ಭೋಸರಿಗೆ ಒಯ್ದು ತೋರಿಸಿದಾಗ ಕಾಕಾ ಬಾನೆಟ್‌ನ ಎಡ ಅರ್ಧಕ್ಕೆ ಕಣ್ಣು ಹತ್ತಿರ ತಂದು ಬಹಳ ಹೊತ್ತು ನೋಡಿ, “ನನ್ನ ಮಷೀನಿನ ಗುರುತ ಒಂದೂ ಉಳಿದಿಲ್ಲಲಾ” ಎಂದರು. ಆ ಮೇಲೆ ವಾಷರಿನ ಅಳತೆ ಕೇಳಿ ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಂಡರು.

ಬೆಳಗಿನ ಹುಡುಗನಿಗೆ ಆರು ಮೈಕ್ರೋಫೈಬರ್ ಬಟ್ಟೆ ಕೊಟ್ಟು, ನಮ್ಮ ಕಾರನ್ನು ಒಣ ಧೂಳಿನ ಮೇಲೆ ಒರೆಸಬೇಡ, ನೀರು ಇಲ್ಲದ ದಿನ ಹಾಗೇ ಬಿಡು ಎಂದು ಹೇಳಿದ್ದೇನೆ. ಗಾಜಿನ ಪಕ್ಕದ ಕಂಬಗಳು, ಹಿಡಿಕೆಯ ಗುಳಿ, ಕನ್ನಡಿಯ ಬೆನ್ನು ಇನ್ನೂ ಬಾಕಿ ಇವೆ; 125ರ ಪ್ಲೇಟು ಅಲ್ಲಿ ಹೋಗುವುದಿಲ್ಲ. ಅದಕ್ಕೆ 75 ಮಿ.ಮೀ. ಪ್ಲೇಟಿನ ಪುಟ್ಟ ಯಂತ್ರ ಬೇಕು. ಅದನ್ನು ಕೊಳ್ಳುವವರೆಗೆ ಆ ಜಾಗಗಳಿಗೆ ಪ್ಯಾಡನ್ನು ಕೈಯಲ್ಲೇ ಹಿಡಿದು ಉಜ್ಜುತ್ತಿದ್ದೇನೆ, ಒಂದು ಕಂಬಕ್ಕೆ ಇಪ್ಪತ್ತು ನಿಮಿಷದಂತೆ.